ಹೆಸರು ಆಕೆಯೇ ಹೇಳಲಿ

ಪಾಂಡವಪುರದಿಂದ ಸೋದರಿಯೊಬ್ಬರು ಕಾಗದ ಬರೆದಿದ್ದಾರೆ. ಹೆರಿಗೆಯಲ್ಲಿ ಅವರ ತಂಗಿಗೆ ವಿಪರೀತ ರಕ್ತ ಹೋಯಿತಂತೆ. ಗಂಡನದೂ ಅದೇ ಗುಂಪು. ನನ್ನದನ್ನೇ ತಗೊಳ್ಳಿ ಎಂದು ಅವನು ಅಂಗಲಾಚಿದರೂ ಡಾಕ್ಟರಮ್ಮ ಒಪ್ಪದೆ ಮಂಡ್ಯದಿಂದ ಯಾರದೋ ರಕ್ತ ತರಿಸಿದರಂತೆ. ಕಟ್ಟಿಕೊಂಡವನಿಗಿಂತ ಹೊರಗಿನವರು ಹೆಚ್ಚೇ, ಎಂದು ಕೇಳಿದ್ದಾರೆ.

ಡಾಕ್ಟರಮ್ಮ ಮಾಡಿದ್ದೇ ಸರಿ, ತಾಯಿ. ಹುಟ್ಟುವ ಮಗುವಿನ ರಕ್ತದಲ್ಲಿ ಅಪ್ಪನ ಕಡೆಯ ಗುರುತುಗಳೂ ಇರುತ್ತವೆ. ಗಂಡನ ರಕ್ತ ಹೆಂಡತಿಯ ಮೈಗೆ ಹೋದರೆ ಆ ಗುರುತುಗಳ ವಿರುದ್ಧ ಆಕೆಯಲ್ಲಿ ಪ್ರತಿಕಾಯಗಳು ಹುಟ್ಟಬಹುದು. ಮುಂದಿನ ಬಸಿರಿನಲ್ಲಿ ಮಗುವಿಗೆ ಅವೇ ಕಂಟಕ. ಅವನು ರಕ್ತ ಕೊಡುವುದೇ ಬೇಡ ಅಂತಲ್ಲ. ರಕ್ತನಿಧಿಗೆ ಕೊಡಲಿ, ಇನ್ನೊಬ್ಬ ತಾಯಿಗೆ ಆದೀತು.

ಇನ್ನು ‘ಯಾರದೋ’ ರಕ್ತದ ಭಯ. ದುಡ್ಡಿಗೆ ರಕ್ತ ಮಾರುವವರಿಂದ ಕೊಳ್ಳುವುದಕ್ಕೆ ಸುಪ್ರೀಂ ಕೋರ್ಟಿನ 1996ರ ತೀರ್ಪಿನಂತೆ 1998ರ ಜನವರಿಯಿಂದ ತಡೆ ಬಿದ್ದಿದೆ. ಈಗ ಪ್ರತಿ ಚೀಲದ ರಕ್ತವನ್ನೂ ಎಚ್‌ಐವಿ, ಎರಡು ಬಗೆಯ ಕಾಮಾಲೆ (ಬಿ ಮತ್ತು ಸಿ), ಸಿಫಿಲಿಸ್, ಮಲೇರಿಯಾಗಳಿಗೆ ಪರೀಕ್ಷಿಸಿಯೇ ಕೊಡಬೇಕು.

ನನಗೆ ಕೇಳಿದರೆ, ಹೆದರಬೇಕಾದ್ದು ಬೇರೆಯದಕ್ಕೆ. ಹಲವು ವರ್ಷಗಳ ಹಿಂದೆ ನನ್ನ ನಾದಿನಿಗೆ ಆಪರೇಷನ್ ಆಗಿತ್ತು. ಪಕ್ಕದ ಮಂಚದಲ್ಲೂ ಅದೇ ಹೆಸರಿನಾಕೆ. (ನಮ್ಮ ಸೀಮೆಯಲ್ಲಿ ಜಯಮ್ಮ, ಲಕ್ಷ್ಮಮ್ಮ, ಪುಟ್ಟಮ್ಮ ಬೀದಿಗೆ ನಾಲ್ಕು ಜನ!) ನರ್ಸ್ ರಕ್ತದ ಚೀಲ ಹಿಡಿದು ಬಂದು ಹೆಸರು ಕೂಗಿ, “ನೀವೇ ತಾನೇ?” ಅಂದಳು. ಮಂಪರಿನಲ್ಲಿದ್ದ ಇವಳು “ಹೂಂ” ಅಂದಳು. ನಮ್ಮತ್ತೆಗೆ ಓದು ಬಾರದು. “ನಮ್ಮ ಹುಡುಗಿಗೆ ರಕ್ತ ಕೊಡಬೇಕು ಅಂತ ಯಾರೂ ಅಂದಿಲ್ವಲ್ಲವ್ವ” ಅಂದರು. ಚೀಟಿ ನೋಡಿದರೆ ಪಕ್ಕದಾಕೆಯದು! ಅತ್ತೆಯ ಬಾಯಿ ಜೋರು ಎಂದು ನಾನು ಆಡಿಕೊಳ್ಳುತ್ತಿದ್ದೆ. ಅಂದಿನಿಂದ ಬಿಟ್ಟೆ.

ರಕ್ತದಲ್ಲಿ ಗುಂಪುಗಳಿವೆ ಎಂದು ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲೇ ತೋರಿಸಿಕೊಟ್ಟರು. ಗುಂಪು ತಪ್ಪಿದರೆ ಸ್ವಲ್ಪವೇ ರಕ್ತ ಪ್ರಾಣಕ್ಕೆ ಎರವಾದೀತು. ಅದಕ್ಕೇ ಆಸ್ಪತ್ರೆಯವರು “ನೀವು ಇಂಥವರಲ್ಲವೇ?” ಎನ್ನಬಾರದು, “ನಿಮ್ಮ ಹೆಸರೇನು?” ಎಂದೇ ಕೇಳಬೇಕು. ಪರೀಕ್ಷೆಗೆ ರಕ್ತ ತೆಗೆದಾಗಲೂ ಸೀಸೆಯ ಮೇಲೆ ಹೆಸರು, ನಂಬರನ್ನು ಮಂಚದ ಬಳಿಯೇ ಬರೆಯಬೇಕು. ಏರಿಸುವ ಮುನ್ನ ಹೆಸರು, ಆಸ್ಪತ್ರೆ ನಂಬರು, ಗುಂಪು, ಚೀಲದ ನಂಬರು, ಕೊನೆಯ ತಾರೀಖು ಇವನ್ನು ಇಬ್ಬರು ಸೇರಿ ನೋಡಬೇಕು. ನೋಡದಿದ್ದರೆ ನೀವು ಕೇಳಿ. ಯಾರೇನಂದುಕೊಂಡರೂ ಅಂದುಕೊಳ್ಳಲಿ.

ಮಂಡ್ಯಕ್ಕೋ ಮೈಸೂರಿಗೋ ಓಡಿ ರಕ್ತ ತರುವವರು ನಮ್ಮ ಗಂಡಸರೇ. ತಣ್ಣನೆಯ ಡಬ್ಬಿಯಲ್ಲಿ ತರಬೇಕು. ಆದರೆ ಚೀಲಕ್ಕೆ ನೇರವಾಗಿ ಐಸು ತಾಕಬಾರದು. ದಾರಿಯಲ್ಲಿ ಕಾಫಿಗೆ ನಿಲ್ಲಬಾರದು. ತಣ್ಣಗಿದೆಯೆಂದು ಬಿಸಿನೀರಿನಲ್ಲಿ ಇಡಲೇಬಾರದು, ಅದೇನು ಹಾಲಿನ ಪ್ಯಾಕೆಟ್ಟೇ? ಕಣಗಳು ಒಡೆದು ವಿಷವಾಗುತ್ತದೆ.

ರಕ್ತ ಹತ್ತಿದ ಮೊದಲ 15 ನಿಮಿಷ ಮಂಚ ಬಿಟ್ಟು ಏಳಬೇಡಿ. ಚಳಿ, ನಡುಕ, ಸೊಂಟನೋವು, ಮೈತುರಿಕೆ, ಏದುಸಿರು ಯಾವುದೇ ಕಂಡರೂ ಕೂಗಿ ನರ್ಸನ್ನು ಕರೆದು ನಿಲ್ಲಿಸಲು ಹೇಳಿ. ಆ ಚೀಲವನ್ನು ಬಿಸಾಡಕೂಡದು, ಪರೀಕ್ಷೆಗೆ ಬೇಕಾಗುತ್ತದೆ.

ಅಂದಹಾಗೆ, ತಂಗಿಯ ಗುಂಪು ಯಾವುದೆಂದು ನೀವು ಬರೆದೇ ಇಲ್ಲ. ನೆಗೆಟಿವ್ ಆಗಿದ್ದು ಮಗುವಿನದು ಪಾಸಿಟಿವ್ ಆಗಿದ್ದರೆ ಹೆರಿಗೆಯಾದ 72 ಗಂಟೆಯೊಳಗೆ ಆಂಟಿ-ಡಿ ಚುಚ್ಚುಮದ್ದು ಬೀಳಬೇಕಿತ್ತು. ಆಸ್ಪತ್ರೆಯ ಚೀಟಿ ತೆಗೆದು ನೋಡಿ. ಅದರಲ್ಲಿ ಇಲ್ಲದಿದ್ದರೆ ಇಂದೇ ಡಾಕ್ಟರಮ್ಮನನ್ನು ಕಾಣಿ.