ಹೊರದೇಶದ ದುಡಿಮೆ: ಹೊರಡುವ ಮುನ್ನ ಕಾಗದ ಓದೋಣ



ಉಮರ್ಗಾ, ನಿಲಂಗಾ, ಉದಗೀರದ ನಮ್ಮ ಮನೆಗಳಲ್ಲಿ ಹೊರದೇಶದ ಕೆಲಸದ ಮಾತು ಈಗ ಹೊಸದಲ್ಲ. ಮೊದಲು ಹೊಟ್ಟೆಪಾಡಿಗೆ ಸೊಲ್ಲಾಪುರದ ಗಿರಣಿ, ಹೈದರಾಬಾದ್, ಪುಣೆ, ಮುಂಬೈ ಎಂದು ಹೋಗುತ್ತಿದ್ದೆವು. ಈಗ ದುಬೈ, ಕುವೈತ್, ಸೌದಿ, ಇಸ್ರೇಲ್, ಜರ್ಮನಿಯ ಹೆಸರು ಕೇಳುತ್ತಿದೆ. ಹೊರಡುವವರು ಕೈಯಲ್ಲಿ ಏನೂ ಇಲ್ಲದವರೇ ಆಗಿರಬೇಕೆಂದಿಲ್ಲ. ನಾಲ್ಕೆಕರೆ ಹೊಲ, ಒಂದು ಅಂಗಡಿ, ಐಟಿಐ ಸರ್ಟಿಫಿಕೇಟು, ಊರಲ್ಲಿ ಒಳ್ಳೆಯ ಹೆಸರು ಇದ್ದವರೂ ಹೊರಡುತ್ತಿದ್ದಾರೆ.

ಕಾರಣ ಎಲ್ಲರಿಗೂ ಗೊತ್ತಿದೆ. 2024ರ ಹಂಗಾಮಿನಲ್ಲಿ ಸೋಯಾಬೀನಿಗೆ ಸರ್ಕಾರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 4,892 ರೂಪಾಯಿ. ಅಡತಿಯಲ್ಲಿ ಅದಕ್ಕಿಂತ ಕಡಿಮೆಗೆ ಮಾರಿ ಬಂದವರು ನಮ್ಮಲ್ಲೇ ಇದ್ದಾರೆ. 2025ಕ್ಕೆ ಅದನ್ನು 5,328 ರೂಪಾಯಿಗೆ ಏರಿಸಿದರು. ಆದರೆ ಆ ವರ್ಷದ ಸೆಪ್ಟೆಂಬರ್ ಮಳೆಗೆ ಧಾರಾಶಿವ, ಲಾತೂರ ಜಿಲ್ಲೆಗಳ ಎಷ್ಟೋ ಹೊಲಗಳಲ್ಲಿ ಬೆಳೆಯೇ ಕೊಚ್ಚಿಹೋಯಿತು. ಇಂಥ ಹೊತ್ತಿನಲ್ಲಿ ಮಗ "ನಾನು ಹೋಗಿ ಬರ್ತೀನಿ" ಎಂದರೆ ಬೇಡ ಎನ್ನುವುದು ಯಾವ ತಂದೆಗೂ ಸುಲಭವಲ್ಲ.

ಹೋಗಬೇಡಿ ಎಂದು ಹೇಳಲು ನಾವು ಇದನ್ನು ಬರೆಯುತ್ತಿಲ್ಲ. ಒಂದು ಕಾಲಕ್ಕೆ ಅರಬಸ್ತಾನದ ಹದ್ರಮೌತ್‌ನಿಂದ ನಿಜಾಮರ ಫೌಜಿನಲ್ಲಿ ದುಡಿಯಲು ಜನ ಈ ಕಡೆಗೆ ಬಂದಿದ್ದರು. ಆ ಚಾವುಶ್ ಮನೆತನಗಳು ಮರಾಠವಾಡಾದಲ್ಲಿ ಇಂದಿಗೂ ಇವೆ. ದುಡಿಮೆ ಹುಡುಕಿ ದೂರ ಹೋಗುವುದು ತಪ್ಪಲ್ಲ, ಅವಮಾನವೂ ಅಲ್ಲ. ನಮ್ಮ ಕಳವಳ ಇಷ್ಟೇ: ಓದಿ ನೋಡದ ಕಾಗದಕ್ಕೆ ಸಹಿ ಹಾಕಿ ಯಾರೂ ಹೋಗಬಾರದು.

ಕಲಬುರಗಿಯಿಂದ ರಷ್ಯಾಕ್ಕೆ

ನಮ್ಮ ಪಕ್ಕದ ಕಲಬುರಗಿಯ ಮೂವರು ಯುವಕರು 2023ರ ಡಿಸೆಂಬರ್‌ನಲ್ಲಿ ರಷ್ಯಾಕ್ಕೆ ಹೋದರು. ತೆಲಂಗಾಣದ ನಾರಾಯಣಪೇಟೆಯ ಒಬ್ಬರೂ ಅವರ ಜೊತೆಗಿದ್ದರು. ಸೆಕ್ಯುರಿಟಿ ಗಾರ್ಡ್ ಅಥವಾ ಸಹಾಯಕನ ಕೆಲಸ, ಕೈತುಂಬ ಸಂಬಳ ಎಂದು ಏಜೆಂಟರು ಹೇಳಿದ್ದರು. ಯೂಟ್ಯೂಬ್ ಚಾನೆಲ್ ಒಂದರಲ್ಲಿ ಈ ಕೆಲಸದ ಪ್ರಚಾರ ನಡೆದಿತ್ತು. ತಲಾ ಸುಮಾರು 3 ಲಕ್ಷ ರೂಪಾಯಿ ಕೊಟ್ಟಿದ್ದರು ಎಂದು ಆಗಿನ ಪತ್ರಿಕೆಗಳು ವರದಿ ಮಾಡಿದವು. ಅಲ್ಲಿ ಹೋದ ಮೇಲೆ ರಷ್ಯನ್ ಭಾಷೆಯ ಕರಾರಿಗೆ ಸಹಿ ಹಾಕಿಸಿಕೊಂಡು, ಸೇನೆಗೆ ಸೇರಿಸಿ, ಉಕ್ರೇನ್ ಗಡಿಯ ಕಡೆಗೆ ಕಳಿಸಿದರು.

2024ರ ಫೆಬ್ರುವರಿಯಲ್ಲಿ ಸುದ್ದಿ ಹೊರಬಿತ್ತು. ಮಾರ್ಚ್‌ನಲ್ಲಿ ಸಿಬಿಐ ದೆಹಲಿ, ಮುಂಬೈ, ಚೆನ್ನೈ, ತಿರುವನಂತಪುರ ಸೇರಿ 13 ಕಡೆ ಶೋಧ ನಡೆಸಿ ಮಾನವ ಸಾಗಣೆಯ ಜಾಲವೊಂದನ್ನು ಬಯಲಿಗೆಳೆಯಿತು. ಜುಲೈನಲ್ಲಿ ಪ್ರಧಾನಿ ಮೋದಿ ಮಾಸ್ಕೋದಲ್ಲಿ ಅಧ್ಯಕ್ಷ ಪುಟಿನ್ ಅವರ ಮುಂದೆ ಈ ವಿಷಯ ಎತ್ತಿದರು. ಕಲಬುರಗಿಯ ಹುಡುಗರು ಮನೆಗೆ ಬಂದದ್ದು ಸೆಪ್ಟೆಂಬರ್‌ನಲ್ಲಿ. ಎಲ್ಲರಿಗೂ ಆ ಭಾಗ್ಯ ಸಿಗಲಿಲ್ಲ. 2025ರ ಜನವರಿಯಲ್ಲಿ ವಿದೇಶಾಂಗ ಸಚಿವಾಲಯ ಕೊಟ್ಟ ಲೆಕ್ಕದಂತೆ ರಷ್ಯಾ ಸೇನೆಗೆ ಸೇರಿದ ಭಾರತೀಯರ ಪ್ರಕರಣಗಳು 126. ಅವರಲ್ಲಿ 96 ಮಂದಿ ಮರಳಿದ್ದರು, 12 ಮಂದಿ ಸತ್ತಿದ್ದರು, 16 ಮಂದಿಯ ಸುಳಿವೇ ಇರಲಿಲ್ಲ.

ಆ ಹುಡುಗರು ಓದುಬರಹ ಬಾರದವರಲ್ಲ. ಕೆಲವರು ಅದಕ್ಕೂ ಮೊದಲು ದುಬೈಯಲ್ಲಿ ದುಡಿದವರು ಎಂದು ವರದಿಗಳಿದ್ದವು. ಹೊರದೇಶದ ಅನುಭವ ಇದ್ದವರನ್ನೂ ಇನ್ನಷ್ಟು ಸಂಬಳದ ಮಾತು ಮತ್ತು ಅರ್ಥವಾಗದ ಕಾಗದ ಕೆಡವಿಹಾಕಿದವು.

ಕುವೈತ್‌ನ ಬೆಂಕಿ

2024ರ ಜೂನ್ 12ರ ಬೆಳಗಿನ ಜಾವ ಕುವೈತ್‌ನ ಮಂಗಾಫ್‌ನಲ್ಲಿ ಕಾರ್ಮಿಕರು ವಾಸವಿದ್ದ ಕಟ್ಟಡಕ್ಕೆ ಬೆಂಕಿ ಬಿತ್ತು. 45 ಭಾರತೀಯರು ಸತ್ತರು. ವಾಯುಪಡೆಯ ವಿಮಾನ ಎರಡು ದಿನಗಳ ನಂತರ ಶವಗಳನ್ನು ಕೊಚ್ಚಿಗೆ ತಂದಿತು. ಸತ್ತವರಲ್ಲಿ ಹೆಚ್ಚಿನವರು ಕೇರಳದವರು. ಆದರೆ ಒಬ್ಬರು ನಮ್ಮ ಉಮರ್ಗಾಕ್ಕೆ ಅಂಟಿಕೊಂಡಿರುವ ಆಳಂದ ತಾಲ್ಲೂಕಿನವರು.

ಮಂಗಾಫ್‌ನಲ್ಲಿ ಸತ್ತವರನ್ನು ರಷ್ಯಾದ ಪ್ರಕರಣದಂತೆ ಯಾರೂ ಯುದ್ಧಕ್ಕೆ ದೂಡಿರಲಿಲ್ಲ. ಅವರು ಕೆಲಸ ಮಾಡಿಕೊಂಡು, ಮನೆಗೆ ಹಣ ಕಳಿಸಿಕೊಂಡು ಇದ್ದವರು. ಅಂದರೆ ಏಜೆಂಟ್ ಮೋಸ ಮಾಡಲಿಲ್ಲ ಎಂದಮಾತ್ರಕ್ಕೆ ಅಪಾಯ ಮುಗಿಯುವುದಿಲ್ಲ. ಎಲ್ಲಿ ಮಲಗಿಸುತ್ತಾರೆ, ಒಂದು ಕೋಣೆಯಲ್ಲಿ ಎಷ್ಟು ಜನ, ಏನಾದರೂ ಆದರೆ ಮನೆಯವರಿಗೆ ಏನು ಸಿಗುತ್ತದೆ ಎಂಬುದನ್ನೂ ಹೊರಡುವ ಮೊದಲೇ ಕೇಳಬೇಕು.

ಕಾನೂನು ಯಾರನ್ನು ಕಾಯುತ್ತದೆ?

ಹೊರದೇಶಕ್ಕೆ ದುಡಿಯಲು ಹೋಗುವವರ ರಕ್ಷಣೆಗೆ ಇರುವುದು 1983ರ ವಲಸೆ ಕಾಯ್ದೆ. ಇದರ ಪ್ರಕಾರ ಸರ್ಕಾರದಲ್ಲಿ ನೋಂದಣಿ ಇಲ್ಲದವರು ಹೊರದೇಶಕ್ಕೆ ಆಳು ಕಳಿಸುವ ದಂಧೆ ಮಾಡುವಂತಿಲ್ಲ. 10ನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ ವರ್ಗಕ್ಕೆ ಸೇರುತ್ತದೆ. ಅಂಥವರು ಸೌದಿ, ಕುವೈತ್, ಕತಾರ್, ಒಮಾನ್, ಯುಎಇ, ಮಲೇಷ್ಯಾ ಮೊದಲಾದ 18 ದೇಶಗಳಿಗೆ ದುಡಿಯಲು ಹೋಗಬೇಕಾದರೆ ವಲಸೆ ಅನುಮತಿ ಪಡೆಯಬೇಕು. ಮಾಲೀಕ ಯಾರು, ಸಂಬಳ ಎಷ್ಟು, ಕರಾರು ಏನು ಎಂಬುದೆಲ್ಲ ಇ-ಮೈಗ್ರೇಟ್ ಜಾಲತಾಣಕ್ಕೆ ಬಂದಮೇಲೆಯೇ ಅನುಮತಿ ಸಿಗುತ್ತದೆ. ಜೊತೆಗೆ ಪ್ರವಾಸಿ ಭಾರತೀಯ ಬೀಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ ಕಟ್ಟಿದರೆ ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ ರೂಪಾಯಿಯ ವಿಮೆ.

ಈ ಬೇಲಿಯಲ್ಲಿ ದೊಡ್ಡ ಕಿಂಡಿಯೊಂದಿದೆ. 10ನೇ ಪಾಸಾದವರಿಗೆ ಇದು ಯಾವುದೂ ಕಡ್ಡಾಯವಲ್ಲ. ಪಟ್ಟಿಯಲ್ಲಿ ಇಲ್ಲದ ದೇಶಕ್ಕೆ ಹೋಗುವವರಿಗೂ ಕಡ್ಡಾಯವಲ್ಲ. ರಷ್ಯಾ ಆ ಪಟ್ಟಿಯಲ್ಲಿ ಇಲ್ಲ. ಕಾಂಬೋಡಿಯಾ, ಲಾವೋಸ್, ಮ್ಯಾನ್ಮಾರ್ ಕೂಡ ಇಲ್ಲ. ಕಂಪ್ಯೂಟರ್ ಕೆಲಸ ಎಂದು ನಂಬಿಸಿ, ಕೂಡಿಹಾಕಿ, ಆನ್‌ಲೈನ್ ವಂಚನೆ ಮಾಡಿಸುವ ಅಡ್ಡೆಗಳಿರುವುದು ಈ ಮೂರು ದೇಶಗಳಲ್ಲೇ. 2025ರ ಮಾರ್ಚ್‌ನಲ್ಲಿ ಎರಡೇ ದಿನಗಳಲ್ಲಿ 549 ಭಾರತೀಯರನ್ನು ಮ್ಯಾನ್ಮಾರ್–ಥಾಯ್ಲೆಂಡ್ ಗಡಿಯಿಂದ ವಾಯುಪಡೆಯ ವಿಮಾನಗಳಲ್ಲಿ ಕರೆತರಬೇಕಾಯಿತು.

1983ರಲ್ಲಿ ಕಾಯ್ದೆ ಬರೆದವರ ಕಣ್ಣ ಮುಂದೆ ಇದ್ದದ್ದು ಓದುಬರಹ ಕಡಿಮೆ ಇರುವ, ಕೊಲ್ಲಿ ದೇಶಗಳಿಗೆ ಕೂಲಿಗೆ ಹೋಗುವ ಮನುಷ್ಯ. ಇಂದು ಮೋಸ ಹೋಗುತ್ತಿರುವವರಲ್ಲಿ ಪಿಯುಸಿ, ಡಿಗ್ರಿ ಮುಗಿಸಿದ, ಮೊಬೈಲಿನಲ್ಲಿ ಜಾಹೀರಾತು ನೋಡಿ, ವಿಸಿಟ್ ವೀಸಾದಲ್ಲಿ ವಿಮಾನ ಹತ್ತುವ ಹುಡುಗರು ಬಹಳ. 10ನೇ ಪಾಸಾದವರೂ ಇ-ಮೈಗ್ರೇಟ್‌ನಲ್ಲಿ ನೋಂದಾಯಿಸಬೇಕು ಎಂಬ ನಿಯಮ 2019ರ ಜನವರಿ 1ರಿಂದ ಬರಬೇಕಿತ್ತು. ವಿರೋಧ ಬಂದ ಮೇಲೆ ಸಚಿವಾಲಯ ಅದನ್ನು ತಡೆಹಿಡಿಯಿತು. ಹಳೆಯ ಕಾಯ್ದೆಯ ಜಾಗದಲ್ಲಿ ಹೊಸದು ತರಲು 2021ರಲ್ಲಿ ಒಂದು ಕರಡು, 2025ರ ಅಕ್ಟೋಬರ್‌ನಲ್ಲಿ ಇನ್ನೊಂದು ಕರಡು ಹೊರಬಂದವು. ಹೊಸ ಕಾನೂನು ಬರುವಾಗ ಬರಲಿ. ಅಲ್ಲಿಯವರೆಗೆ ಓದಿದ ಹುಡುಗನಿಗೆ ಕಾವಲು ಮನೆಯವರು ಮತ್ತು ನೆರೆಯವರೇ.

ಸಾಲದ ಲೆಕ್ಕ

ನೋಂದಾಯಿತ ಏಜೆಂಟ್ ಕಾನೂನಿನಂತೆ ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ. ಶೇ 18 ಜಿಎಸ್‌ಟಿ ಸೇರಿ 35,400. ಅದಕ್ಕೆ ರಸೀದಿ ಕೊಡಬೇಕು. ಆದರೂ ಲಕ್ಷಗಳ ಮಾತೇ ಯಾಕೆ ಕೇಳುತ್ತೇವೆ? ನಡುವೆ ಏಜೆಂಟನ ಏಜೆಂಟ್, ಅವನಿಗೊಬ್ಬ ಪರಿಚಯದವ ಎಂದು ಸರಪಳಿ ಬೆಳೆಯುತ್ತದೆ. ಕಾಯ್ದೆಯಲ್ಲಿ ಉಪ ಏಜೆಂಟ್ ಎಂಬುವನೇ ಇಲ್ಲ.

ಒಂದು ಉದಾಹರಣೆ ನೋಡೋಣ. 3 ಲಕ್ಷ ರೂಪಾಯಿಯನ್ನು ಸಾವ್ಕಾರನಿಂದ ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿಯಂತೆ ತಂದರೆ ಬಡ್ಡಿಯೇ ತಿಂಗಳಿಗೆ 9,000. ಸಂಬಳ 1,200 ದಿರ್ಹಮ್ ಎಂದುಕೊಳ್ಳಿ. ದಿರ್ಹಮಿಗೆ 23 ರೂಪಾಯಿ ಹಿಡಿದರೆ 27,600 ರೂಪಾಯಿ. ಊಟ, ಫೋನು ಮತ್ತಿತರ ಖರ್ಚಿಗೆ 8,000 ತೆಗೆದಿಡಿ. ಬಡ್ಡಿ ಕಟ್ಟಿದ ಮೇಲೆ ಉಳಿಯುವುದು 10,600. ಅಸಲು ಹಾಗೇ ನಿಂತಿದೆ. ಇದ್ದಷ್ಟನ್ನೂ ಅಸಲಿಗೆ ಕಟ್ಟುತ್ತ ಹೋದರೂ ಸಾಲ ತೀರುವುದಕ್ಕೆ ಒಂದೂವರೆ ವರ್ಷಕ್ಕಿಂತ ಹೆಚ್ಚು ಬೇಕು. ಆ ಅಷ್ಟು ದಿನ ಮನೆಗೆ ಒಂದು ರೂಪಾಯಿಯೂ ಬರುವುದಿಲ್ಲ. ಅದೇ 35,400 ರೂಪಾಯಿ ಸಾಲವಾಗಿದ್ದರೆ ಎರಡು ಮೂರು ತಿಂಗಳಲ್ಲಿ ಮುಗಿಯುತ್ತಿತ್ತು.

ಸಾಲಕ್ಕೆ ಸಾತ್‌ಬಾರಾ ಒತ್ತೆ ಇಟ್ಟಿದ್ದರೆ ಹುಡುಗ ಅಲ್ಲಿ ಎಷ್ಟೇ ಕಷ್ಟವಿದ್ದರೂ ಬಿಟ್ಟು ಬರಲಾರ. ಕಡಿಮೆ ಸಂಬಳಕ್ಕೂ, ಬೇರೆ ಕೆಲಸಕ್ಕೂ, ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡರೂ ಸುಮ್ಮನಿರುತ್ತಾನೆ. ಅವನ ಬಾಯಿ ಕಟ್ಟುವುದು ದೂರದ ಮಾಲೀಕನಿಗಿಂತ ಹೆಚ್ಚಾಗಿ ಊರಿನ ಈ ಸಾಲ.

ಎರಡು ರಾಜ್ಯಗಳ ನಡುವೆ

1956ರವರೆಗೆ ಉದಗೀರ, ನಿಲಂಗಾ ಬೀದರ್ ಜಿಲ್ಲೆಯಲ್ಲಿದ್ದವು. ಇಂದಿಗೂ ಉದಗೀರದವರಿಗೆ ಕಮಲನಗರ, ನಿಲಂಗಾದವರಿಗೆ ಭಾಲ್ಕಿ, ಉಮರ್ಗಾದವರಿಗೆ ಆಳಂದ, ಬಸವಕಲ್ಯಾಣ ಪಕ್ಕದ ಮನೆ ಇದ್ದಂತೆ. ನೆಂಟಸ್ತನ ಆ ಕಡೆ, ಸಾತ್‌ಬಾರಾ ಈ ಕಡೆ. ಹಾಗಾಗಿ ಕೆಲಸದ ಸುದ್ದಿ ಬರುವುದೂ ಆ ಕಡೆಯ ಸೋದರಮಾವನಿಂದ, ಷಡ್ಡಕನಿಂದ. ಆದರೆ ಕಷ್ಟ ಬಂದಾಗ ಪಾಸ್‌ಪೋರ್ಟಿನಲ್ಲಿ ಇರುವ ವಿಳಾಸ ಮಹಾರಾಷ್ಟ್ರದ್ದು. ಕಲಬುರಗಿಯ ಹುಡುಗರ ಪರವಾಗಿ ಕರ್ನಾಟಕದ ನಾಯಕರು ದನಿ ಎತ್ತಿದರು. ನಮ್ಮ ಮನೆಯ ಹುಡುಗ ಸಿಕ್ಕಿಬಿದ್ದರೆ ಮೊದಲು ತಟ್ಟಬೇಕಾದದ್ದು ಧಾರಾಶಿವ, ಲಾತೂರದ ಜಿಲ್ಲಾಧಿಕಾರಿ ಮತ್ತು ಸಂಸದರ ಬಾಗಿಲು.

ಭಾಷೆಯ ವಿಷಯವೂ ಇದೆ. ಮನೆಯಲ್ಲಿ ಕನ್ನಡ, ತಹಸೀಲಿನಲ್ಲಿ ಮರಾಠಿ, ಬ್ಯಾಂಕಿನಲ್ಲಿ ಇಂಗ್ಲಿಷ್. ಪೂರ್ತಿ ಅರ್ಥವಾಗದ ಕಾಗದಕ್ಕೂ "ಇಲ್ಲಿ ಸಹಿ ಮಾಡ್ರಿ" ಎಂದ ಕಡೆ ಸಹಿ ಮಾಡುವುದು ನಮ್ಮ ಹಿರಿಯರಿಗೆ ರೂಢಿಯಾಗಿಬಿಟ್ಟಿದೆ. ಊರಿನಲ್ಲಿ ತಪ್ಪಾದರೆ ನಾಲ್ಕು ಜನ ಸೇರಿ ಸರಿಪಡಿಸಬಹುದು. ಅರಬ್ಬಿ ಅಥವಾ ರಷ್ಯನ್ ಕರಾರಿಗೆ ಹಾಗೆ ಸಹಿ ಮಾಡಿದರೆ ಸರಿಪಡಿಸಲು ಅಲ್ಲಿ ನಮ್ಮವರು ಯಾರೂ ಇರುವುದಿಲ್ಲ.

ಸರ್ಕಾರದ ಮೂಲಕ ಹೋಗುವ ದಾರಿಗಳೂ ಇವೆ. ಮಹಾರಾಷ್ಟ್ರ ಸರ್ಕಾರ 2024ರ ಫೆಬ್ರುವರಿಯಲ್ಲಿ ಜರ್ಮನಿಯ ಬಾಡೆನ್-ವುರ್ಟೆಂಬರ್ಗ್ ರಾಜ್ಯದೊಂದಿಗೆ 10,000 ಕುಶಲ ಕೆಲಸಗಾರರನ್ನು ಕಳಿಸುವ ಒಪ್ಪಂದ ಮಾಡಿಕೊಂಡಿತು. ಅಲ್ಲಿ ಜರ್ಮನ್ ಭಾಷೆ ಮೊದಲ ಮೆಟ್ಟಿಲು. ಇಸ್ರೇಲ್‌ನ ಕಟ್ಟಡ ಕೆಲಸಕ್ಕೂ ಎರಡು ಸರ್ಕಾರಗಳ ನಡುವೆ ಒಪ್ಪಂದವಿದೆ. ಆದರೆ 2024ರ ಮಾರ್ಚ್‌ನಲ್ಲಿ ಅಲ್ಲಿ ಕ್ಷಿಪಣಿ ದಾಳಿಗೆ ಕೇರಳದ ಕೃಷಿ ಕೆಲಸಗಾರರೊಬ್ಬರು ಸತ್ತರು ಎಂಬುದನ್ನು ಮರೆಯುವಂತಿಲ್ಲ. ನೆಟ್ಟಗಿನ ದಾರಿ ನಿಧಾನ, ಅದರಲ್ಲಿ ಪರೀಕ್ಷೆ, ತರಬೇತಿ, ಕಾಯುವುದು ಎಲ್ಲ ಇರುತ್ತದೆ. "ಹದಿನೈದು ದಿನದಲ್ಲಿ ವೀಸಾ" ಎಂದವನನ್ನು ಆ ಕಾರಣಕ್ಕೇ ಅನುಮಾನಿಸಬೇಕು.

ನಾವು ಮಾಡಬಹುದಾದದ್ದು

ಹಣ ಕೊಡುವ ಮುಂಚೆ ಮನೆಯವರು ಇವಿಷ್ಟನ್ನು ಕೇಳಲಿ:

1. ಏಜೆಂಟನ ನೋಂದಣಿ ಸಂಖ್ಯೆ. ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಾಯಿತರ ಪಟ್ಟಿಯೂ ಇದೆ, ನೋಂದಣಿ ಇಲ್ಲದೆ ದಂಧೆ ಮಾಡುವವರ ಪಟ್ಟಿಯೂ ಇದೆ. 2023ರ ಅಂತ್ಯಕ್ಕೇ ಈ ಎರಡನೆಯ ಪಟ್ಟಿಯಲ್ಲಿ 2,900ಕ್ಕೂ ಹೆಚ್ಚು ಹೆಸರುಗಳಿದ್ದವು.

2. ಕೆಲಸದ ಕರಾರು. ಕೆಲಸ, ಸಂಬಳ, ದಿನಕ್ಕೆ ಎಷ್ಟು ಗಂಟೆ, ವಸತಿ, ರಜೆ, ಮರಳುವ ಟಿಕೆಟ್ ಯಾರದು ಎಂಬುದು ನಮಗೆ ಓದಲು ಬರುವ ಭಾಷೆಯಲ್ಲಿರಬೇಕು. ಅಲ್ಲಿ ಹೋದಮೇಲೆ ಕೊಡುತ್ತೇವೆ ಎಂದರೆ ಒಪ್ಪಬೇಡಿ.

3. ವೀಸಾದ ಬಗೆ. ದುಡಿಯಲು ಹೋಗುವವರ ಕೈಯಲ್ಲಿ ಕೆಲಸದ ವೀಸಾ ಇರಬೇಕು. "ವಿಸಿಟ್ ಮೇಲೆ ಹೋಗು, ಅಲ್ಲಿ ಬದಲಾಯಿಸೋಣ" ಎಂಬ ಮಾತಿಗೆ ಹಣ ಕೊಡಬೇಡಿ.

4. ವಿಮೆ ಮತ್ತು ರಸೀದಿ. ಇಸಿಆರ್‌ನವರಿಗೆ ವಿಮೆ ಕಡ್ಡಾಯ. ಉಳಿದವರೂ ಯಾವುದಾದರೊಂದು ಅಪಘಾತ ವಿಮೆ ಮಾಡಿಸಿಯೇ ಹೊರಡಲಿ.

ಎಲ್ಲ ಕಾಗದಗಳ ಒಂದು ಪ್ರತಿ ಮನೆಯಲ್ಲಿರಲಿ. ಪಾಸ್‌ಪೋರ್ಟ್ ಭಾರತ ಸರ್ಕಾರದ ಆಸ್ತಿ. ಅದನ್ನು ಏಜೆಂಟ್ ಒತ್ತೆಯಂತೆ ಇಟ್ಟುಕೊಳ್ಳುವಂತಿಲ್ಲ. ತೊಂದರೆ ಬಂದರೆ ವಿದೇಶಾಂಗ ಸಚಿವಾಲಯದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ಸಂಖ್ಯೆ 1800 11 3090. 'ಮದದ್' ಜಾಲತಾಣದಲ್ಲಿ ದೂರು ದಾಖಲಿಸಬಹುದು. ಉಮರ್ಗಾದ ಹೆದ್ದಾರಿಯ ಒಂದು ದಿಕ್ಕಿಗೆ ಹೈದರಾಬಾದ್, ಇನ್ನೊಂದು ದಿಕ್ಕಿಗೆ ಪುಣೆ ದಾಟಿದರೆ ಮುಂಬೈ. ಎರಡೂ ಕಡೆ ವಲಸಿಗರ ಸಂರಕ್ಷಣಾಧಿಕಾರಿಯ ಕಚೇರಿ ಇದೆ.

ನಮ್ಮ ಸಂಘಕ್ಕೂ ಇದರಲ್ಲಿ ಕೆಲಸವಿದೆ. ರಾಜ್ಯೋತ್ಸವ, ಹಾಡು, ಭಾಷಣ ನಡೆಯಲಿ. ಜೊತೆಗೆ ಪ್ರತಿ ಊರಿನ ಮಾಸಿಕ ಸಭೆಯಲ್ಲಿ ಅರ್ಧ ಗಂಟೆ ಕಾಗದ ಓದಲು ಮೀಸಲಿಡೋಣ. ನಮ್ಮ ಸದಸ್ಯರಲ್ಲಿ ಶಿಕ್ಷಕರಿದ್ದಾರೆ, ವಕೀಲರಿದ್ದಾರೆ, ಬ್ಯಾಂಕಿನವರಿದ್ದಾರೆ, ಕೊಲ್ಲಿಯಲ್ಲಿ ದುಡಿದು ಬಂದವರೂ ಇದ್ದಾರೆ. ಹೊರಡಲಿರುವ ಹುಡುಗ ಮತ್ತು ಅವನ ತಂದೆ-ತಾಯಿ ಕರಾರನ್ನು ತರಲಿ. ನಾಲ್ಕು ಜನ ಕೂತು ಸಾಲುಸಾಲಾಗಿ ಓದಿ ಕನ್ನಡದಲ್ಲಿ ಹೇಳೋಣ. ಯಾರ ಮನೆಯ ಗುಟ್ಟೂ ಹೊರಗೆ ಹೋಗದಂತೆ ನೋಡಿಕೊಳ್ಳೋಣ. ಮೋಸ ಹೋಗಿ ಬಂದವರು ನಾಚಿಕೆಯಿಂದ ಸುಮ್ಮನಿದ್ದರೆ ಅದೇ ಏಜೆಂಟ್ ನಾಳೆ ಪಕ್ಕದ ಊರಿಗೆ ಹೋಗುತ್ತಾನೆ. ಅವರೂ ಬಂದು ಮಾತಾಡಲಿ.

ಮುಂದಿನ ಮಾಸಿಕ ಸಭೆಯಿಂದಲೇ ಇದನ್ನು ಶುರು ಮಾಡೋಣ. ನಿಮ್ಮ ಓಣಿಯಲ್ಲಿ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ ಹುಡುಗ ಹುಡುಗಿಯರಿಗೆ ಈ ಮಾತು ಮುಟ್ಟಿಸಿ. ಸಾತ್‌ಬಾರಾ ಒತ್ತೆ ಬೀಳುವುದಕ್ಕೆ ಮೊದಲೇ ಅವರನ್ನು ಕರೆದುಕೊಂಡು ಬನ್ನಿ.