ದೆವ್ವಕ್ಕಿಂತ ಅಪಾಯಕಾರಿಯಾದ ನಾಯಕ

‘ಕಾದಂಬರಿ ಹಿಡಿದ ಹುಡುಗಿ ಕೆಟ್ಟಳು’ ಎಂಬ ಮಾತು ಸಂಪಗಾಂವ, ಬೈಲಹೊಂಗಲ, ಕಿತ್ತೂರು, ಸವದತ್ತಿಗಳ ಹಿರಿಯರ ಬಾಯಲ್ಲಿ ಇಂದು ನಿನ್ನೆಯದಲ್ಲ. ಹಿಂದೆ ಈ ಮಾತಿಗೆ ಗುರಿಯಾದದ್ದು ಬಾಡಿಗೆಗೆ ತಂದು ದಿಂಬಿನ ಕೆಳಗೆ ಬಚ್ಚಿಟ್ಟ ಪುಸ್ತಕ. ಇಂದು ಗುರಿಯಾಗುತ್ತಿರುವುದು ಹೊದಿಕೆಯೊಳಗೆ ಬೆಳಗುವ ಮೊಬೈಲ್ ಫೋನು. ಒಳಗಿನ ಸರಕು ಮಾತ್ರ ಹೆಚ್ಚು ಬದಲಾಗಿಲ್ಲ: ಪ್ರೇಮ, ಪ್ರೇತ, ಪುನರ್ಜನ್ಮ, ಶಾಪ, ಮೋಹಿನಿ, ನಾಗಕನ್ಯೆ, ಇವೆಲ್ಲಕ್ಕೂ ಮಿಗಿಲಾಗಿ ಮುಗಿಯದ ಕಂತುಗಳು.

ಈ ವಿಷಯದಲ್ಲಿ ನಮ್ಮ ಕುಟುಂಬಗಳು ಎರಡು ಪಕ್ಷವಾಗಿ ಒಡೆದಿವೆ. ‘ಇವನ್ನೆಲ್ಲ ಸುಟ್ಟುಹಾಕಬೇಕು’ ಎನ್ನುವುದು ಒಂದು ಪಕ್ಷ. ‘ಹೊತ್ತು ಹೋಗಲೆಂದು ಓದುವುದು, ಅದರಲ್ಲೇನಿದೆ?’ ಎನ್ನುವುದು ಇನ್ನೊಂದು. ಎರಡೂ ಪಕ್ಷಗಳು ತಪ್ಪು ದಾರಿಯಲ್ಲಿವೆ ಎಂಬುದೇ ಈ ಲೇಖನದ ವಾದ. ಮೊದಲನೆಯವರು ಅಪಾಯವನ್ನು ಇಲ್ಲದಲ್ಲಿ ಹುಡುಕುತ್ತಿದ್ದಾರೆ. ಎರಡನೆಯವರು ಅದು ಇರುವಲ್ಲಿ ಕಣ್ಣು ಮುಚ್ಚಿದ್ದಾರೆ.

ಓದುವುದು ಪಾಪವೇ?

ಮೊದಲ ಪಕ್ಷದವರು ನಮ್ಮ ಸಂತರ ಚರಿತ್ರೆಯನ್ನೊಮ್ಮೆ ತಿರುವಿ ನೋಡಲಿ. ಆವಿಲದ ಸಂತ ತೆರೇಸಾ ಬಾಲ್ಯದಲ್ಲಿ ವೀರಯೋಧರ ಪ್ರೇಮಸಾಹಸಗಳ ಪುಸ್ತಕಗಳನ್ನು ತಂದೆಗೆ ಕಾಣದಂತೆ ಹಗಲಿರುಳು ಓದಿದರು. ಆ ಹುಚ್ಚು ತಾಯಿಯಿಂದ ಬಂದದ್ದೆಂದು ತಮ್ಮ ಆತ್ಮಚರಿತ್ರೆಯಲ್ಲಿ ಅವರೇ ಹೇಳಿಕೊಂಡಿದ್ದಾರೆ. ಅದರಿಂದ ತಮಗಾದ ಹಾನಿಯನ್ನೂ ಮುಚ್ಚಿಟ್ಟಿಲ್ಲ. ಸಂತ ಇಗ್ನಾಸಿಯವರು 1521ರಲ್ಲಿ ಪಾಂಪ್ಲೋನಾ ಕೋಟೆಯ ಕದನದಲ್ಲಿ ಕಾಲು ಮುರಿದು ಹಾಸಿಗೆ ಹಿಡಿದಾಗ ಓದಲು ಕೇಳಿದ್ದೂ ಅಂಥವೇ ಪುಸ್ತಕಗಳನ್ನು. ಮನೆಯಲ್ಲಿ ಅವು ಇರಲಿಲ್ಲ. ಕ್ರಿಸ್ತಚರಿತ್ರೆಯೂ ಸಂತರ ಚರಿತ್ರೆಯೂ ಸಿಕ್ಕವು. ಆಗ ಅವರು ತಮ್ಮೊಳಗೆ ಒಂದನ್ನು ಗಮನಿಸಿದರು. ಅರಸುಮನೆತನದ ಹೆಣ್ಣೊಬ್ಬಳ ಕನಸು ಕಾಣುವಾಗ ಸುಖವೆನಿಸುತ್ತಿತ್ತು, ಮುಗಿದ ಮೇಲೆ ಮನಸ್ಸು ಬರಡಾಗುತ್ತಿತ್ತು. ಸಂತರನ್ನು ಕುರಿತ ಚಿಂತನೆ ಮುಗಿದ ಮೇಲೂ ಆನಂದ ಉಳಿಯುತ್ತಿತ್ತು. ಓದುವಾಗಿನ ರುಚಿಯನ್ನಲ್ಲ, ಓದಿದ ಮೇಲೆ ಉಳಿಯುವುದನ್ನು ತೂಗಬೇಕೆಂಬ ಈ ಅಳತೆಗೋಲು ಯಾವ ನಿಷೇಧಕ್ಕಿಂತಲೂ ಹೆಚ್ಚು ಉಪಯುಕ್ತವಾದುದು.

ನಿಷೇಧದ ದಾರಿಯನ್ನು ಧರ್ಮಸಭೆಯೇ ನಡೆದು ನೋಡಿದೆ. 1559ರಲ್ಲಿ ಮೊದಲು ಹೊರಬಂದ ರೋಮ್‌ನ ನಿಷಿದ್ಧ ಗ್ರಂಥಗಳ ಪಟ್ಟಿ 1966ರಲ್ಲಿ ರದ್ದಾಯಿತು. 2024ರಲ್ಲಿ ಪೋಪ್ ಫ್ರಾನ್ಸಿಸ್‌ರವರು ಸಾಹಿತ್ಯದ ಮಹತ್ವವನ್ನು ಕುರಿತೇ ಒಂದು ಪತ್ರ ಬರೆದು, ಗುರುಮಠಗಳಲ್ಲಿ ಸಾಹಿತ್ಯದ ಓದಿಗೆ ಸ್ಥಾನ ಸಿಗಬೇಕೆಂದು ಒತ್ತಿ ಹೇಳಿದರು. ಯಾಜಕರೇ ಕಾದಂಬರಿ ಓದಲಿ ಎನ್ನುವ ಕಾಲದಲ್ಲಿ ಮನೆಮಗಳ ಕೈಯಿಂದ ಪುಸ್ತಕ ಕಸಿಯುವುದು ಯಾವ ನ್ಯಾಯ?

ನಮ್ಮ ಕನ್ನಡದ ಋಣ

ಕನ್ನಡದ ಮನೆಮನೆಗೆ ಓದುವ ಹವ್ಯಾಸವನ್ನು ತಂದವರಲ್ಲಿ ಕಾದಂಬರಿಕಾರ್ತಿಯರ ಪಾಲು ದೊಡ್ಡದು. ತ್ರಿವೇಣಿ, ಎಂ. ಕೆ. ಇಂದಿರಾ, ವಾಣಿ, ಉಷಾ ನವರತ್ನರಾಂ, ಸಾಯಿಸುತೆ ಮುಂತಾದವರ ಪುಸ್ತಕಗಳು ಕೈಯಿಂದ ಕೈಗೆ ದಾಟಿ ಹಾಳೆ ಸವೆದವು. ‘ಹೆಂಗಸರ ಕಾದಂಬರಿ’ ಎಂದು ಮೂಗು ಮುರಿದವರು ಒಂದು ಸಂಗತಿಯನ್ನು ಮರೆಯುತ್ತಾರೆ. 1963ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ತ್ರಿವೇಣಿ ‘ಶರಪಂಜರ’ದಲ್ಲಿ ಮಾಡಿದ್ದೇನು? ಬಾಣಂತಿತನದ ನಂತರ ಮನಸ್ಸಿನ ಕಾಯಿಲೆಗೆ ತುತ್ತಾದ ಹೆಣ್ಣಿಗೆ ‘ಗಾಳಿ ಸೋಂಕಿದೆ’ ಎನ್ನದೆ, ಅದು ರೋಗ, ವಾಸಿಯಾಗುವ ರೋಗ, ಆದರೆ ವಾಸಿಯಾದವಳನ್ನು ಮನೆಯವರ ಸಂಶಯವೇ ಮತ್ತೆ ಕೊಲ್ಲುತ್ತದೆ ಎಂದು ತೋರಿಸಿದರು. ದೆವ್ವ ಬಿಡಿಸಲು ಬೇವಿನ ಸೊಪ್ಪು ಹಿಡಿಯುತ್ತಿದ್ದ ಸಮಾಜಕ್ಕೆ ಇದು ಹತ್ತು ಭಾಷಣಗಳಿಗಿಂತ ದೊಡ್ಡ ಪಾಠ.

ಬಳಿಕ ಬೇರೊಂದು ಗಾಳಿ ಬೀಸಿತು. ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿ ‘ತುಳಸಿದಳ’ ಕನ್ನಡಕ್ಕೆ ಬಂದು ಮನೆಮಾತಾಯಿತು. 1985ರಲ್ಲಿ ಅದೇ ಹೆಸರಿನ ಕನ್ನಡ ಚಲನಚಿತ್ರವೂ ತೆರೆ ಕಂಡಿತು. ಪುಟ್ಟ ಹೆಣ್ಣುಮಗುವೊಂದರ ಮೇಲೆ ನಡೆಯುವ ವಾಮಾಚಾರ ಅದರ ವಸ್ತು. ಅದನ್ನು ಓದಿ ರಾತ್ರಿ ಹಿತ್ತಲಿಗೆ ಹೋಗಲು ಹೆದರಿದವರು ನಮ್ಮ ತಲೆಮಾರಿನಲ್ಲಿ ಕಡಿಮೆಯೇನಲ್ಲ. ಇಂದು ಆ ಪುಸ್ತಕಗಳ ಜಾಗವನ್ನು ಮೊಬೈಲ್‌ನ ಕಥಾಸರಣಿಗಳು ಆಕ್ರಮಿಸಿವೆ. 2014ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ‘ಪ್ರತಿಲಿಪಿ’ಯಂಥ ವೇದಿಕೆಗಳಲ್ಲಿ ಕನ್ನಡದ ಪ್ರೇಮಕಥೆ, ಭಯಾನಕ ಕಥೆಗಳು ಕಂತು ಕಂತಾಗಿ ಹರಿದುಬರುತ್ತಿವೆ. ಅಡುಗೆಮನೆಯ ಕೆಲಸ ಮುಗಿಸಿ ಬರೆಯಲು ಕೂಡುವ ಗೃಹಿಣಿಗೂ ಅಲ್ಲಿ ಓದುಗರು ಸಿಕ್ಕಿದ್ದಾರೆ. ಇದನ್ನು ಹಗುರವಾಗಿ ಕಾಣಬಾರದು. ತ್ರಿವೇಣಿಯವರ ಕಾಲದಲ್ಲಿ ಎಷ್ಟೋ ಹೆಣ್ಣುಮಕ್ಕಳಿಗೆ ಈ ಭಾಗ್ಯವಿರಲಿಲ್ಲ.

ಹಾಗಾದರೆ ಆಕ್ಷೇಪವೇನು?

ಯಾರೀ ನಾಯಕ?

ಆಕ್ಷೇಪ ಇರುವುದು ಪ್ರೇತದ ಮೇಲಲ್ಲ, ನಾಯಕನ ಮೇಲೆ.

ಇಂಥ ಸರಣಿಗಳಲ್ಲಿ ಜಗತ್ತಿನಾದ್ಯಂತ ಹೆಸರಾದ ಸ್ಟೆಫನಿ ಮೇಯರ್ ಅವರ ‘ಟ್ವಿಲೈಟ್’ನ್ನೇ ತೆಗೆದುಕೊಳ್ಳೋಣ. 2005ರಿಂದ 2008ರವರೆಗೆ ನಾಲ್ಕು ಸಂಪುಟಗಳಲ್ಲಿ ಬಂದ ಈ ಕಥೆಯ ನಾಯಕ ಎಡ್ವರ್ಡ್ ರಕ್ತಪಿಪಾಸು. ನೂರು ವರ್ಷ ದಾಟಿದರೂ ಹದಿನೇಳರ ಹುಡುಗನಂತೆ ಕಾಣುವವನು. ನಾಯಕಿ ಬೆಲ್ಲಾಳಿಗೆ ಗೊತ್ತಿಲ್ಲದಂತೆ ರಾತ್ರಿ ಅವಳ ಕೋಣೆ ಹೊಕ್ಕು, ಅವಳು ಮಲಗಿರುವುದನ್ನು ನೋಡುತ್ತ ಕೂಡುತ್ತಾನೆ. ಗೆಳೆಯನನ್ನು ಕಾಣಲು ಅವಳು ಹೋಗದಂತೆ ಅವಳ ವಾಹನದ ಎಂಜಿನ್ನನ್ನೇ ಕೆಡಿಸಿಡುತ್ತಾನೆ. ನಮ್ಮ ಊರಿನಲ್ಲಿ ಯಾವನಾದರೂ ಹೀಗೆ ಮಾಡಿದರೆ ನಾವು ಠಾಣೆಗೆ ಹೋಗುತ್ತೇವೆ. ಕಾದಂಬರಿಯಲ್ಲಿ ಇದರ ಹೆಸರು ಅಗಾಧ ಪ್ರೇಮ! ಅದೇ ಕಥೆಯಲ್ಲಿ ತೋಳಮಾನವರ ಕುಲದವರಿಗೆ ಒಂದು ನೋಟದಿಂದಲೇ ಬಾಳಸಂಗಾತಿ ನಿಶ್ಚಯವಾಗಿಬಿಡುತ್ತದೆ. ಆಗತಾನೆ ಹುಟ್ಟಿದ ಹೆಣ್ಣುಮಗುವಿನೊಡನೆ ಯುವಕನೊಬ್ಬ ಹೀಗೆ ಬೆಸೆದುಕೊಳ್ಳುತ್ತಾನೆ.

ನಮ್ಮ ಕನ್ನಡದ ಸರಣಿಗಳಲ್ಲಿ ವೇಷ ಬೇರೆ, ಗುಣ ಅದೇ. ಅಹಂಕಾರಿ ಶ್ರೀಮಂತ ಯುವಕನೊಬ್ಬ ಬಡ ಹುಡುಗಿಯ ಕೊರಳಿಗೆ ಬಲವಂತದಿಂದ ತಾಳಿ ಬಿಗಿಯುತ್ತಾನೆ. ಅವಳು ಅಳುತ್ತಾಳೆ. ಐವತ್ತನೆಯ ಕಂತಿನ ಹೊತ್ತಿಗೆ ಅವನ ಕೋಪದ ಹಿಂದಿನ ನೋವು ಅವಳಿಗೆ ಅರಿವಾಗುತ್ತದೆ. ನೂರನೆಯ ಕಂತಿನಲ್ಲಿ ಅವಳೇ ಅವನ ಕಾಲಿಗೆ ಎರಗುತ್ತಾಳೆ. ಪುನರ್ಜನ್ಮದ ಕಥೆಯಾದರೆ ಇಷ್ಟು ಕಷ್ಟವೂ ಬೇಡ: ಹಿಂದಿನ ಜನ್ಮದಲ್ಲೇ ಅವಳು ಅವನವಳು, ಈ ಜನ್ಮದಲ್ಲಿ ಅವಳನ್ನು ಕೇಳುವ ಅಗತ್ಯವೇನಿದೆ?

ಇಂಥ ಮದುವೆಯನ್ನು ಕುರಿತು ಧರ್ಮಸಭೆ ಏನು ಹೇಳುತ್ತದೆ? 1983ರ ಧರ್ಮಸಭೆಯ ಕಾನೂನು ಸಂಹಿತೆಯ 1057ನೇ ವಿಧಿಯಂತೆ ವಿವಾಹವನ್ನು ಉಂಟುಮಾಡುವುದು ವಧೂವರರ ಒಪ್ಪಿಗೆ. ಆ ಒಪ್ಪಿಗೆಯ ಸ್ಥಾನವನ್ನು ಮಾನವಶಕ್ತಿ ಯಾವುದೂ ತುಂಬಲಾರದು. 1103ನೇ ವಿಧಿಯಂತೆ ಬಲಾತ್ಕಾರದಿಂದಾಗಲೀ ಘೋರ ಭಯದಿಂದಾಗಲೀ ನಡೆದ ವಿವಾಹ ವಿವಾಹವೇ ಅಲ್ಲ. 1089ನೇ ವಿಧಿ ಈ ಕಾದಂಬರಿಗಳನ್ನು ಓದಿಯೇ ಬರೆದಂತಿದೆ. ಮದುವೆಯಾಗುವ ಉದ್ದೇಶದಿಂದ ಹೆಣ್ಣನ್ನು ಅಪಹರಿಸಿದವನಿಗೂ, ಒತ್ತೆಯಾಗಿ ಇಟ್ಟುಕೊಂಡವನಿಗೂ ಅವಳೊಡನೆ ವಿವಾಹ ಸಾಧ್ಯವಿಲ್ಲ. ಅವನಿಂದ ಬೇರ್ಪಟ್ಟು, ಸುರಕ್ಷಿತವಾದ ಸ್ವತಂತ್ರ ಸ್ಥಳದಲ್ಲಿದ್ದು ಅವಳು ತಾನಾಗಿಯೇ ಅವನನ್ನು ಆರಿಸಿಕೊಂಡರೆ ಮಾತ್ರ ಸಾಧ್ಯ. ಅವನ ಮನೆಯಲ್ಲಿ, ಅವನ ಬೀಗದೊಳಗೆ ಹುಟ್ಟಿದ ‘ಪ್ರೀತಿ’ಯನ್ನು ಒಪ್ಪಿಗೆಯೆಂದು ಧರ್ಮಸಭೆ ನಂಬುವುದಿಲ್ಲ. ನಾವೇಕೆ ನಂಬಬೇಕು?

ಸವದತ್ತಿಯ ನೆಲದಲ್ಲಿ ನಿಂತು

‘ಇದು ಕಥೆ, ನಿಜವಲ್ಲ ಎಂದು ಎಲ್ಲರಿಗೂ ಗೊತ್ತು’ ಎಂದು ಎರಡನೆಯ ಪಕ್ಷದವರು ಹೇಳುತ್ತಾರೆ. ನಿಜ, ರಕ್ತ ಹೀರುವವನು ಇದ್ದಾನೆಂದು ನಮ್ಮ ಮಗಳು ನಂಬುವುದಿಲ್ಲ. ಆದರೆ ಅಸೂಯೆಯೇ ಪ್ರೀತಿಯ ಗುರುತೆಂದು ನಂಬುತ್ತಾಳೆ. ಬೆನ್ನು ಹತ್ತಿದವನು ನಿಷ್ಠಾವಂತನೆಂದು, ಫೋನಿನ ಗುಪ್ತಸಂಖ್ಯೆ ಕೇಳುವವನು ಕಾಳಜಿಯುಳ್ಳವನೆಂದು ನಂಬುತ್ತಾಳೆ. ಕಥೆಯಲ್ಲಿ ಅದ್ಭುತವಾದುದನ್ನು ಓದುಗ ದಾಟಿಹೋಗುತ್ತಾನೆ. ಸಹಜವಾಗಿ ಕಾಣುವುದೇ ಮನಸ್ಸಿಗೆ ಇಳಿಯುವುದು.

ಅದರಲ್ಲಿಯೂ ನಾವಿರುವ ನೆಲ ಯಾವುದು? ನಮ್ಮ ಸವದತ್ತಿಯ ಗುಡ್ಡದ ಸುತ್ತಮುತ್ತ, ತಲೆಗೂದಲು ಜಡೆಗಟ್ಟಿದರೆ ಅದು ದೇವಿಯ ಕರೆ ಎಂದು ಅರ್ಥ ಹಚ್ಚಿ, ಬಡ ದಲಿತ ಮನೆತನಗಳ ಎಷ್ಟೋ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಲಾಯಿತು. ಕಾಣದ ಶಕ್ತಿ ಅವಳನ್ನು ಆರಿಸಿದೆ. ಆದ್ದರಿಂದ ಅವಳನ್ನು ಯಾರೂ ಕೇಳಲಿಲ್ಲ. ಅದರ ಲಾಭ ಪಡೆದವರು ಕಾಣದ ಶಕ್ತಿಯಲ್ಲ, ಕಣ್ಣೆದುರಿನ ಗಂಡಸರು. ಮುಂಬಯಿ ಪ್ರಾಂತ್ಯದಲ್ಲಿ 1934ರಲ್ಲೂ ಕರ್ನಾಟಕದಲ್ಲಿ 1982ರಲ್ಲೂ ಇದರ ವಿರುದ್ಧ ಶಾಸನಗಳಾದವು. ಎರಡನೆಯ ಶಾಸನ ಬೇಕಾಯಿತೆಂಬುದೇ ಆ ಪದ್ಧತಿಯ ಬೇರು ಎಷ್ಟು ಆಳವೆಂಬುದಕ್ಕೆ ಸಾಕ್ಷಿ. ಇದು ಒಂದು ಮತದವರನ್ನು ಬೆರಳೆತ್ತಿ ತೋರಿಸುವ ಮಾತಲ್ಲ. ಮಗುವಿಗೆ ಜ್ವರ ಬಂದರೆ ಜಪಸರವನ್ನೂ ತಾಯಿತವನ್ನೂ ಒಟ್ಟಿಗೇ ಕಟ್ಟುವ ಮನೆಗಳು ನಮ್ಮಲ್ಲಿಯೂ ಇವೆ.

ಈಗ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿರಿ. ಕೇಳದೆ ಕಟ್ಟಿದ ಮುತ್ತು, ಕೇಳದೆ ಬಿಗಿದ ತಾಳಿ. ದೇವಿ ಆರಿಸಿದಳು, ಜನ್ಮಾಂತರದ ಬಂಧ ಆರಿಸಿತು. ಹಳೆಯ ಅನ್ಯಾಯಕ್ಕೆ ಬಣ್ಣದ ರಕ್ಷಾಪುಟ ಹಾಕಿ ಮತ್ತೆ ಮಾರುತ್ತಿದ್ದಾರೆ. ಎಂ. ಕೆ. ಇಂದಿರಾ ಅವರೂ ‘ಗೆಜ್ಜೆಪೂಜೆ’ ಬರೆದರು. ಅಲ್ಲಿಯೂ ಪ್ರೇಮವಿದೆ, ಕಣ್ಣೀರಿದೆ. ಆದರೆ ಸಂಪ್ರದಾಯದ ಬಲೆಗೆ ಬಿದ್ದ ಹೆಣ್ಣಿನ ಮರ್ಯಾದೆಯ ಬಾಳಿನ ಹಂಬಲವನ್ನು ತೋರಿಸಿ ಅವರು ಓದುಗರಿಗೆ ನಾಚಿಕೆ ಕಲಿಸಿದರು. ಬಲೆಯನ್ನು ಹೂಮಾಲೆಯೆಂದು ವರ್ಣಿಸಲಿಲ್ಲ. ಒಳ್ಳೆಯ ಪ್ರೇಮಕಾದಂಬರಿಗೂ ಕೆಟ್ಟದಕ್ಕೂ ಇರುವ ವ್ಯತ್ಯಾಸ ಇದೇ.

ನಮ್ಮ ಬೈಬಲಿನಲ್ಲಿಯೂ ಇಂಥ ಕಥೆಯೊಂದಿದೆ ಎಂದರೆ ಕೆಲವರಿಗೆ ಆಶ್ಚರ್ಯವಾದೀತು. ತೊಬಿತನ ಗ್ರಂಥದಲ್ಲಿ ಸಾರಳೆಂಬ ಹೆಣ್ಣನ್ನು ಮದುವೆಯಾದ ಏಳು ಮಂದಿಯನ್ನು ಅಸ್ಮೊದೇಯನೆಂಬ ದುಷ್ಟಾತ್ಮ ಒಬ್ಬೊಬ್ಬರನ್ನಾಗಿ ಕೊಲ್ಲುತ್ತದೆ. ಅವಳ ಬಳಿ ಬೇರಾರೂ ಸುಳಿಯಕೂಡದು! ಇಂದಿನ ಸರಣಿಯಾಗಿದ್ದರೆ ಈ ಅಸ್ಮೊದೇಯನೇ ನಾಯಕನಾಗುತ್ತಿದ್ದ. ಧರ್ಮಗ್ರಂಥದಲ್ಲಿ ಅವನನ್ನು ಓಡಿಸಿ ಕಟ್ಟಿಹಾಕಲಾಗುತ್ತದೆ. ನಾಯಕನಾಗುವವನು ತೊಬಿಯ. ಮದುವೆಯ ರಾತ್ರಿ ಅವನು ಸಾರಳನ್ನು ಎಬ್ಬಿಸಿ, ಇಬ್ಬರೂ ಕೂಡಿ ಪ್ರಾರ್ಥಿಸೋಣವೆಂದು ಕೇಳುತ್ತಾನೆ. ಇಬ್ಬರೂ ಕೂಡಿಯೇ ‘ಆಮೆನ್’ ಎನ್ನುತ್ತಾರೆ. ಆ ಕಾಲದ ರೂಢಿಯಂತೆ ಮಗಳನ್ನು ಧಾರೆಯೆರೆದವನು ತಂದೆಯೇ ಆದರೂ, ಗ್ರಂಥಕರ್ತನು ಅವಳ ದುಃಖಕ್ಕೂ ಪ್ರಾರ್ಥನೆಗೂ ಅವಳದೇ ದನಿ ಕೊಟ್ಟಿದ್ದಾನೆ.

ಮನೆಯ ಹಿರಿಯರಿಗೆ

ಮಗಳ ಫೋನನ್ನು ಶೋಧಿಸುವ ತಂದೆತಾಯಿಯರೇ, ಮಗನ ಫೋನನ್ನು ಎಂದಾದರೂ ನೋಡಿದ್ದೀರಾ? ‘ಬೇಡ’ ಎಂದ ಹುಡುಗಿಯನ್ನು ಹಾಡು ಹೇಳುತ್ತ ಹಿಂಬಾಲಿಸುವ ನಾಯಕನನ್ನು ಅವನು ಸಿನಿಮಾದಲ್ಲಿ ನೋಡಿ ಬೆಳೆದಿದ್ದಾನೆ. ಹಾಗೆ ಹಿಂಬಾಲಿಸುವುದು ನಮ್ಮ ದೇಶದಲ್ಲಿ 2013ರಿಂದ ಪ್ರತ್ಯೇಕ ಅಪರಾಧವಾಗಿದೆ. ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮು ಈಗ ಅದನ್ನೇ ಹೇಳುತ್ತದೆ. ಮಗಳಿಗೆ ಕಾದಂಬರಿ ನಿಷೇಧಿಸಿ, ಮಗನಿಗೆ ಈ ಕಾನೂನನ್ನು ಹೇಳದಿದ್ದರೆ ಅರ್ಧ ಮನೆಯನ್ನಷ್ಟೇ ಕಾಯ್ದಂತಾಯಿತು.

ಪ್ರತಿ ಅಕ್ಟೋಬರಿನಲ್ಲಿ ನಾವು ಕಿತ್ತೂರು ಉತ್ಸವ ಆಚರಿಸುತ್ತೇವೆ. 1824ರಲ್ಲಿ ಕಂಪನಿ ಸರ್ಕಾರಕ್ಕೆ ‘ಆಗದು’ ಎಂದ ರಾಣಿ ಚೆನ್ನಮ್ಮನವರ ಸಮಾಧಿ ಬೈಲಹೊಂಗಲದಲ್ಲಿಯೇ ಇದೆ. ‘ಆಗದು’ ಎಂದ ಹೆಣ್ಣಿಗೆ ಹೂಮಾಲೆ ಹಾಕುವ ನಾವು, ಮನೆಯಲ್ಲಿ ಮಗಳು ಅದೇ ಮಾತನ್ನು ಒಬ್ಬ ವರನನ್ನು ಕುರಿತು ಹೇಳಿದರೆ ಕೇಳುತ್ತೇವೆಯೇ? ಮನೆಯಲ್ಲಿ ಅವಳ ಮಾತಿಗೆ ಬೆಲೆಯಿಲ್ಲದಿದ್ದರೆ, ಬಲವಂತವೇ ಪ್ರೇಮವೆನ್ನುವ ಕಥೆ ಅವಳಿಗೆ ಸಹಜವಾಗಿಯೇ ಕಾಣುತ್ತದೆ. ಆಗ ಕಥೆಗಾರರನ್ನು ಮಾತ್ರ ಬೈದು ಪ್ರಯೋಜನವಿಲ್ಲ.

ಆದ್ದರಿಂದ ಪುಸ್ತಕ ಕಸಿಯಬೇಡಿರಿ. ಜೊತೆಯಲ್ಲಿ ಕೂತು ಓದಿರಿ. ಅವಳು ಓದುತ್ತಿರುವ ಸರಣಿಯ ಎರಡು ಕಂತುಗಳನ್ನು ತಾಯಿಯೂ ಓದಲಿ, ಸಾಧ್ಯವಾದರೆ ತಂದೆಯೂ ಓದಲಿ. ಬಳಿಕ ಮೂರು ಪ್ರಶ್ನೆಗಳನ್ನು ಕೇಳಿರಿ. ಈ ಹೆಣ್ಣನ್ನು ಯಾರಾದರೂ ಕೇಳಿದರೇ? ಅವಳು ‘ಬೇಡ’ ಎಂದಿದ್ದರೆ ನಿರ್ಭಯವಾಗಿ ಹೊರಟುಹೋಗಲು ಸಾಧ್ಯವಿತ್ತೇ? ಓದಿ ಮುಗಿಸಿದ ಮೇಲೆ ನಿನ್ನ ಮನಸ್ಸಿನಲ್ಲಿ ಏನು ಉಳಿಯಿತು? ಕಂತು ಸರಿಯಾಗಿ ಕುತೂಹಲದ ಗಳಿಗೆಯಲ್ಲೇ ನಿಲ್ಲುವುದು ಏಕೆ, ಮುಂದಿನದನ್ನು ಬೇಗ ತೆರೆಯಲು ದುಡ್ಡು ಕೇಳುವುದು ಏಕೆ ಎಂಬುದನ್ನೂ ಮಾತಾಡಿರಿ. ಮಗಳು ದಡ್ಡಿಯಲ್ಲ, ತೂಗುವ ತಕ್ಕಡಿಯನ್ನು ಕೈಗೆ ಕೊಟ್ಟರೆ ಅವಳೇ ತೂಗುತ್ತಾಳೆ.

ಧರ್ಮಕೇಂದ್ರಗಳಿಗೂ ಇದರಲ್ಲಿ ಕೆಲಸವಿದೆ. ಸಂತರ ಚರಿತ್ರೆಯ ಜೊತೆಗೆ ತ್ರಿವೇಣಿ, ಇಂದಿರಾ ಅವರ ಕಾದಂಬರಿಗಳೂ ನಮ್ಮ ಕಪಾಟಿನಲ್ಲಿರಲಿ. ಕಪಾಟಿನ ಬೀಗ ತೆರೆದಿರಲಿ. ವಿವಾಹ ಸಿದ್ಧತೆಯ ಶಿಬಿರಕ್ಕೆ ಕಾಯದೆ, ಒಪ್ಪಿಗೆ ಎಂದರೇನೆಂಬುದನ್ನು ಹದಿನಾಲ್ಕರ ಹುಡುಗ ಹುಡುಗಿಯರಿಗೇ ಧರ್ಮೋಪದೇಶದ ತರಗತಿಯಲ್ಲಿ ಹೇಳೋಣ. ಈ ತಿಂಗಳು ಒಂದು ಸಂಜೆ ದೂರದರ್ಶನವನ್ನು ಆರಿಸಿ, ತೊಬಿತನ ಗ್ರಂಥದ ಹದಿನಾಲ್ಕು ಅಧ್ಯಾಯಗಳನ್ನು ಮನೆಮಂದಿಯೆಲ್ಲ ಸೇರಿ ಸರದಿಯಂತೆ ಗಟ್ಟಿಯಾಗಿ ಓದಿರಿ. ಸಾರಳ ಭಾಗವನ್ನು ಮನೆಯ ಮಗಳೇ ಓದಲಿ.