ಕೊಳೆಯದ ಹಲ್ಲಿಗೂ ಕಾವಲು ಬೇಕು

ಕಳೆದುಹೋದ ಹಲ್ಲಿನ ಸ್ಥಾನದಲ್ಲಿ ಇಂಪ್ಲಾಂಟ್ ಹಾಕಿಸಿಕೊಳ್ಳುವವರ ಸಂಖ್ಯೆ ನಮ್ಮವರಲ್ಲಿಯೂ ಬೆಳೆಯುತ್ತಿದೆ. ಹೋಟೆಲಿನ ಅಡಿಗೆಮನೆಯಲ್ಲಿ ದುಡಿಯುವವನಿಗಾಗಲಿ, ಕಚೇರಿಯ ಗುಮಾಸ್ತನಿಗಾಗಲಿ ಇದು ಸಣ್ಣ ವೆಚ್ಚವಲ್ಲ. ಊರಿಗೆ ಕಳಿಸಬೇಕಾದ ಹಣದಲ್ಲಿ ತಿಂಗಳುಗಟ್ಟಲೆ ಉಳಿಸಿ ಮಾಡುವ ವೆಚ್ಚ. ಆದರೆ ಹಾಕಿಸಿಕೊಂಡ ಮರುದಿನದಿಂದಲೇ, 'ಲೋಹದ ಹಲ್ಲು, ಇದಕ್ಕೆ ಹುಳುಕಿನ ಭಯವಿಲ್ಲ' ಎಂಬ ನಿಶ್ಚಿಂತೆ ಅನೇಕರನ್ನು ಆವರಿಸುತ್ತದೆ. ಈ ನಿಶ್ಚಿಂತೆಯೇ ಅಪಾಯದ ಮೂಲವೆಂದು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ.

ಟೈಟೇನಿಯಂ ಲೋಹವು ಜೀವಂತ ಎಲುಬಿನೊಡನೆ ಬೆಸೆದುಕೊಳ್ಳುವುದನ್ನು ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬ ವಿಜ್ಞಾನಿ 1952ರಲ್ಲಿ ಮೊಲಗಳ ಮೇಲಿನ ಪ್ರಯೋಗದಲ್ಲಿ ಕಂಡರು. 1965ರಲ್ಲಿ ಅವರು ಮೊದಲ ರೋಗಿಯ ದವಡೆಯಲ್ಲಿ ಕೂಡಿಸಿದ ಇಂಪ್ಲಾಂಟುಗಳು, ಆತ 2006ರಲ್ಲಿ ತೀರಿಕೊಳ್ಳುವವರೆಗೂ ಕೆಲಸಕ್ಕೆ ಬಂದವು. ಎಂದರೆ ನಾಲ್ಕು ದಶಕ! ಲೋಹವು ಅಷ್ಟು ಬಾಳಬಲ್ಲುದು. ಆದರೆ ಲೋಹಕ್ಕೆ ಹುಳುಕಿಲ್ಲವೆಂದ ಮಾತ್ರಕ್ಕೆ ಅದು ನಿಂತ ನೆಲಕ್ಕೆ ಕೇಡಿಲ್ಲವೆಂದು ಅರ್ಥವೆ? ಆ ನೆಲ ನಮ್ಮದೇ ವಸಡು, ನಮ್ಮದೇ ಎಲುಬು.

ಹುಟ್ಟುಹಲ್ಲನ್ನು ಎಲುಬಿಗೆ ಕಟ್ಟಿರುವ ನವಿರಾದ ನಾರುಗಳು ಒತ್ತಡವನ್ನು ತಾಳುತ್ತವೆ, ನೋವಿನ ಸೂಚನೆಯನ್ನೂ ಕೊಡುತ್ತವೆ. ಇಂಪ್ಲಾಂಟಿಗೆ ಆ ನಾರುಗಳಿಲ್ಲ. ಅದರ ಸುತ್ತಣ ವಸಡಿನ ಹಿಡಿತವೂ ಅಷ್ಟು ಭದ್ರವಲ್ಲ. ಅಲ್ಲಿ ಕೊಳೆ ನಿಂತರೆ ಮೊದಲು ವಸಡು ಕೆಂಪಗಾಗಿ ಊದಿಕೊಳ್ಳುತ್ತದೆ. ಉಜ್ಜುವಾಗ ರಕ್ತ ಒಸರುತ್ತದೆ. ಈ ಘಟ್ಟದಲ್ಲಿ ಶುಚಿಗೊಳಿಸಿದರೆ ಸಾಮಾನ್ಯವಾಗಿ ಗುಣವಾಗುತ್ತದೆ. ಅಲಕ್ಷಿಸಿದರೆ ಎಲುಬೇ ಕರಗತೊಡಗುತ್ತದೆ. ಕರಗಿದ ಎಲುಬು ತಾನಾಗಿ ಮರಳಿ ಬೆಳೆಯದು. ಇದೆಲ್ಲವೂ ಬಹುಮಟ್ಟಿಗೆ ನೋವಿಲ್ಲದೆಯೇ ನಡೆಯುವುದರಿಂದ, ನೋವು ಬಂದಾಗ ನೋಡಿಕೊಳ್ಳೋಣ ಎನ್ನುವವನು ಮೋಸಹೋಗುತ್ತಾನೆ.

ಉಪಾಯ ಕಠಿನವಲ್ಲ. ದಿನಕ್ಕೆ ಎರಡು ಬಾರಿ, ಪ್ರತಿಸಲವೂ ಎರಡು ನಿಮಿಷ, ಮೃದುವಾದ ಬ್ರಶ್ಶಿನಿಂದ ಹಲ್ಲು ವಸಡು ಕೂಡುವೆಡೆಯನ್ನು ಉಜ್ಜಬೇಕು. ಹಲ್ಲುಗಳ ಸಂದಿಯನ್ನು ದಿನಕ್ಕೊಮ್ಮೆ ದಂತದಾರದಿಂದಲೋ ಪ್ಲಾಸ್ಟಿಕ್ ಹೊದಿಸಿದ ತಂತಿಯ ಸಣ್ಣ ಬ್ರಶ್ಶಿನಿಂದಲೋ ತೆಗೆಯಬೇಕು. ರಾತ್ರಿಯ ಶುಚಿಯನ್ನಂತೂ ಬಿಡಲೇಬಾರದು. ಊರಿನ ರೂಢಿಯ ಉಮಿಕರಿ, ಇಟ್ಟಿಗೆ ಪುಡಿಗಳು ಬೇಡ. ಒರಟು ಪುಡಿ ಗೀರಿದಲ್ಲಿ ಕೊಳೆ ಇನ್ನಷ್ಟು ಅಂಟುತ್ತದೆ. ಪಿನ್ನಿನಿಂದ ಸಂದಿ ಕೆದಕುವುದೂ ಸಲ್ಲದು. ಬೀಡಿ, ಗುಟ್ಕಾ, ಈ ಮುಂಬಯಿಯಲ್ಲಿ ಕಲಿತ ಮಶೇರಿ, ಇವು ಯಾವುವೂ ಇಂಪ್ಲಾಂಟಿಗೆ ಹಿತವಲ್ಲ. ಸಕ್ಕರೆ ಕಾಯಿಲೆಯವರು ಅದನ್ನು ಹತೋಟಿಯಲ್ಲಿಡದಿದ್ದರೆ ಅಪಾಯ ಹೆಚ್ಚು. ಹಲ್ಲು ಅಲುಗಿದರೆ ಕೆಲವೊಮ್ಮೆ ಒಳಗಿನ ತಿರುಪು ಮಾತ್ರ ಸಡಿಲಿರುತ್ತದೆ. ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಇನ್ನೊಂದು ಮಾತು ನಮ್ಮಂಥ ವಲಸಿಗರಿಗೇ ವಿಶೇಷವಾಗಿ ಸಲ್ಲುವಂಥದು. ಇಂದು ಮುಂಬಯಿ, ನಾಳೆ ಪುಣೆ, ನಾಡಿದ್ದು ಹೈದರಾಬಾದು ಎಂದು ಕೆಲಸ ಅರಸುವವರು, ತಮಗೆ ಹಾಕಿದ ಇಂಪ್ಲಾಂಟಿನ ತಯಾರಕರ ಹೆಸರು, ಅಳತೆ, ಹಾಕಿದ ದಿನಾಂಕಗಳನ್ನು ಬರೆಯಿಸಿ ಕೈಯಲ್ಲಿಟ್ಟುಕೊಳ್ಳಬೇಕು. ಒಬ್ಬರ ತಿರುಪಿಗೆ ಇನ್ನೊಬ್ಬರ ಸಲಕರಣೆ ಹೊಂದದಿರಬಹುದು. ಚೀಟಿಯಿಲ್ಲದೆ ಹೊಸ ಊರಿನ ವೈದ್ಯರು ಪರದಾಡಬೇಕಾದೀತು.

ಕೊನೆಗೆ ಮಾಲಿಕರಲ್ಲಿ ನಮ್ಮ ವಿನಂತಿ. ಇಂಪ್ಲಾಂಟ್ ಇದ್ದವರು ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ, ಅಪಾಯ ಹೆಚ್ಚಿದ್ದವರು ಇನ್ನೂ ಬೇಗ, ವೈದ್ಯರಿಗೆ ತೋರಿಸಿ ಶುಚಿ ಮಾಡಿಸಿಕೊಳ್ಳಬೇಕು. ನಸುಕಿನಲ್ಲಿ ಒಲೆ ಹಚ್ಚಿ ನಡುರಾತ್ರಿ ಪಾತ್ರೆ ತೊಳೆದು ಮಲಗುವವನಿಗೆ ದವಾಖಾನೆಯ ಬಾಗಿಲು ತೆರೆದಿರುವ ಹೊತ್ತು ಸಿಗುವುದೆಂದು? ವರ್ಷಕ್ಕೆರಡು ಸಲ ಅರ್ಧ ದಿನದ ಬಿಡುವನ್ನು, ಸಂಬಳ ಕತ್ತರಿಸದೆ ಕೊಟ್ಟರೆ ಯಾವ ಗಲ್ಲಾಪೆಟ್ಟಿಗೆಯೂ ಬರಿದಾಗದು. ದಿನವೂ ನೂರಾರು ಜನರಿಗೆ ಊಟ ಬಡಿಸುವ ಕೈಗಳು ತಮ್ಮ ಅನ್ನವನ್ನು ಅಗಿದು ಉಣ್ಣುವಂತಿರಬೇಕೆಂಬುದು ಅತಿಯಾದ ಬೇಡಿಕೆಯೆ? ಮಾಲಿಕರು ಬಿಡುವು ಕೊಡಲಿ. ನೌಕರರು ದಿನಕ್ಕೆ ಐದು ನಿಮಿಷ ತಮಗಾಗಿ ತೆಗೆದಿಡಲಿ. ಬೆವರು ಸುರಿಸಿ ಪಡೆದ ಹಲ್ಲು ಆಗ ಬಾಳೀತು.